ಕಾಕಾನ ಗಾಡಿಯ ಹೊಗೆ

ನಿನ್ನೆ ಹತ್ತರಗಿಯ ಗ್ಯಾರೇಜಿನಲ್ಲಿ ಮಿಸ್ತ್ರಿ ನಮ್ಮ ಪಿಕಪ್ಪಿನ ಬಾನೆಟ್ ಎತ್ತಿ, ಒಂದು ಕಬ್ಬಿಣದ ಕೊಳವೆಯನ್ನು ಬಿಚ್ಚಿ ನನ್ನ ಕಾಲ ಬಳಿ ಇಟ್ಟ. ಇಂಜಿನ್ನಿನ ಬಿಸಿ ಹೊಗೆಯನ್ನೆಲ್ಲ ಕೂಡಿಸಿ ಸೈಲೆನ್ಸರಿಗೆ ದಾಟಿಸುವ ಈ ಭಾಗಕ್ಕೆ ಮ್ಯಾನಿಫೋಲ್ಡ್ ಅನ್ನುತ್ತಾರೆ. ಅದು ಬಿರುಕು ಬಿಟ್ಟಿತ್ತು, ಬಿರುಕಿನ ಸುತ್ತ ಮಸಿ ಹಿಡಿದಿತ್ತು. ಆ ಸುಟ್ಟ ಡೀಸೆಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಹೊಸ ಸೊಸೆಯಾಗಿಬಿಟ್ಟೆ. ನಗಬೇಡಿ, ಯಾಕೆಂದು ಹೇಳುತ್ತೇನೆ.

ನನ್ನ ತವರು ಕೌಜಲಗಿ, ಗಂಡನ ಮನೆ ಘೋಡಗೇರಿ. ಹಬ್ಬಕ್ಕೆಂದು ತವರಿಗೆ ಹೋದವಳನ್ನು ತಿರುಗಿ ಬಿಟ್ಟುಬರುವ ಕೆಲಸ ಅಪ್ಪನ ತಮ್ಮ, ನಮ್ಮ ಕಾಕಾನದು. ಅವನ ಪಿಕಪ್ ಗಾಡಿಗೆ ಗೋಕಾಕದ ಮಾರ್ಕೆಟ್ಟಿಗೆ ಬದನೆಕಾಯಿ ಹೇರುವುದೇ ನಿತ್ಯದ ಕಾಯಕ. ನನ್ನನ್ನು ಹೇರುವುದು ಮೇಲಿನ ಕೆಲಸ. ನನ್ನ ಕಡೆಯ ಕಿಟಕಿಯ ಗಾಜು ಇಳಿಯುತ್ತಿರಲಿಲ್ಲ. ಗೇರ್ ರಾಡಿನ ಬುಡದಿಂದ ಕಮಟು ವಾಸನೆ ಏಳುತ್ತಿತ್ತು. ಡೀಸೆಲ್ ಗಾಡಿಯಲ್ಲಿ ಮಲ್ಲಿಗೆಯ ವಾಸನೆ ಬಂದೀತೇ ಎಂದು ನಾವು ಅದರ ಗೊಡವೆಗೇ ಹೋಗಿರಲಿಲ್ಲ. ಗೋಕಾಕ ದಾಟುವಷ್ಟರಲ್ಲಿ ನನ್ನ ತಲೆ ಸಿಡಿಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕಾಕಾನೂ ಟಾವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಈಗ ನೀವು ಘೋಡಗೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ನಿಂತು ನೋಡಿ. ಸೊಸೆ ಗಾಡಿ ಇಳಿಯುತ್ತಾಳೆ. ಕಣ್ಣು ಕೆಂಡ, ಮೂಗು ಕೆಂಪು. ಒಮ್ಮೆಯಲ್ಲ, ಬಂದಾಗಲೆಲ್ಲ. ಓಣಿಯವರ ಎದುರು ಅತ್ತೆಯ ಮುಖ ಸಣ್ಣದಾಗುತ್ತಿತ್ತು. ಕಡೆಗೊಂದು ದಿನ ಒಳಗೆ ಕರೆದು ಕೇಳಿಯೇಬಿಟ್ಟರು.

“ಖರೆ ಹೇಳವಾ, ಈ ಮನ್ಯಾಗ ನಿನಗೇನ್ ಕಮ್ಮಿ ಮಾಡೇವಿ? ಬರೂವಾಗೆಲ್ಲಾ ಅಳಕೋತನ ಬರ್ತಿ.”

“ಅಳಾಕತ್ತಿಲ್ರಿ ಅತ್ತಿ, ಕಣ್ಣಾಗ ಏನೋ ಬಿದ್ದೈತ್ರಿ.”

“ಬಂದಾಗೊಮ್ಮಿ ಬೀಳ್ತೈತೇನ?”

ನಾನು ಅಳುತ್ತಿದ್ದೆನೋ ಇಲ್ಲವೋ ನನಗೇ ತಿಳಿದಿರಲಿಲ್ಲ. ಅವ್ವ ಉಡಿ ತುಂಬುವಾಗ ಅವಳ ಸೆರಗು ಬಿಡಲು ಮನಸ್ಸಾಗುತ್ತಿರಲಿಲ್ಲ, ಅದು ನಿಜ. ಆದರೆ ಗಂಡನ ಮನೆಯಲ್ಲಿ ನನಗೆ ಯಾವ ಕೊರತೆಯೂ ಇರಲಿಲ್ಲ. ಅತ್ತೆಯ ಪುಂಡಿಪಲ್ಯ ನೆನೆಸಿಕೊಂಡೇ ಗಾಡಿ ಹತ್ತುತ್ತಿದ್ದೆ. ಹಾಗಾದರೆ ಇಷ್ಟೊಂದು ನೀರು ಯಾವ ದುಃಖದ್ದು? ರೊಟ್ಟಿ ಬಡಿಯುತ್ತ ಬಡಿಯುತ್ತ ಇಲ್ಲದ ದುಃಖವನ್ನು ಹುಡುಕುತ್ತಿದ್ದೆ. ಅತ್ತೆ ಮಾತು ಕಡಿಮೆ ಮಾಡಿದರು. ಬೀಗರನ್ನು ಕರೆಸಿ, ನಾಲ್ಕು ಜನರ ಮುಂದೆ ಕೇಳಿಬಿಡುವುದು ಎಂಬಲ್ಲಿಗೆ ಬಂತು.

ಅಷ್ಟರಲ್ಲಿ ಒಂದು ಸಲ ನನ್ನನ್ನು ಬಿಡಲು ಬಂದ ಕಾಕಾನ ಜೊತೆ ನಮ್ಮ ಯಜಮಾನರು ಗೊಬ್ಬರದ ಚೀಲ ತರಲು ಹುಕ್ಕೇರಿಗೆ ಹೋದರು, ನಾನು ಕೂರುತ್ತಿದ್ದ ಸೀಟಿನಲ್ಲೇ ಕೂತು. ತಿರುಗಿ ಬಂದು ಇಳಿದಾಗ ಅವರದೂ ಕಣ್ಣು ಕೆಂಡ, ಮೂಗು ಕೆಂಪು. ಅತ್ತೆ ಕಟ್ಟೆಯ ಮೇಲೇ ಇದ್ದರು.

“ನಿನಗ್ಯಾರ್ ಏನಂದ್ರೋ?” ಎಂದು ಮಗನನ್ನು ಕೇಳಿದವರು ತಟ್ಟನೆ ನನ್ನ ಕಡೆ ನೋಡಿದರು, ಆಮೇಲೆ ಗಾಡಿಯ ಕಡೆ. ಬಾಯಿಗೆ ಸೆರಗು ಹಿಡಿದು ನಗತೊಡಗಿದವರು ಬಹಳ ಹೊತ್ತು ನಿಲ್ಲಿಸಲಿಲ್ಲ.

ಗಾಡಿ ಇದೇ ಹತ್ತರಗಿಗೆ ಬಂತು. ಆಗಿನ ಮಿಸ್ತ್ರಿ ಕಾಕಾನನ್ನು ತರಾಟೆಗೆ ತೆಗೆದುಕೊಂಡ. “ಗ್ಲಾಸ್ ಏರಿಸ್ಕೊಂಡು ಈ ಹೊಗಿ ಕುಡದ್ರ ಜೀವಕ್ಕ ಕುತ್ತ ಐತ್ರಿ. ಮ್ಯಾನಿಫೋಲ್ಡ್ ಸೀಳೈತಿ, ವೆಲ್ಡಿಂಗ್ ನಿಲ್ಲಂಗಿಲ್ಲ, ಬದಲೀನ ಮಾಡ್ಬೇಕು.” ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಒಂದನ್ನು ಮುರಿದುಕೊಂಡು, ಅಂತೂ ಹೊಸ ಮ್ಯಾನಿಫೋಲ್ಡ್ ಕೂರಿಸಿದ. ಹೊಗೆ ಸೋರದಂತೆ ಇಂಜಿನ್ನಿಗೂ ಅದಕ್ಕೂ ನಡುವೆ ಒತ್ತುವ ತೆಳುಪಟ್ಟಿ, ಹೊಸ ಗ್ಯಾಸ್ಕೆಟ್ಟನ್ನೂ ಹಾಕಿದ.

ಮುಂದಿನ ಹಬ್ಬ ಮುಗಿಸಿ ಒಣಗಣ್ಣಲ್ಲಿ ಇಳಿದೆ. ಅತ್ತೆ ಗಾಡಿಯ ತನಕ ಬಂದು ಕೈ ಹಿಡಿದರು. ಗೆದ್ದೆ ಎಂದುಕೊಂಡು ಹಿಂದೆ ನೋಡಿದರೆ, ಕಾಕಾ ಸ್ಟೇರಿಂಗಿನ ಮೇಲೆ ಬಗ್ಗಿ ಟಾವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

“ಇನ್ನೂ ಹೊಗಿ ಬರ್ತೈತೇನ ಕಾಕಾ?”

“ಹೂಂ ತಂಗಿ, ಸ್ವಲ್ಪ ಐತಿ,” ಎಂದವನೇ ಗಾಡಿ ತಿರುಗಿಸಿದ.

ಗಾಡಿಯಲ್ಲಿ ಹೊಗೆಯ ಸುಳಿವೂ ಇರಲಿಲ್ಲ. ಹಾಗಾದರೆ ಹಿಂದಿನ ಕಣ್ಣೀರಿನಲ್ಲಿ ಹೊಗೆಯದೆಷ್ಟು, ನಮ್ಮದೆಷ್ಟು? ಇವತ್ತಿಗೂ ನನಗೆ ಬಗೆಹರಿದಿಲ್ಲ.

ಕಾಕಾ ಈಗ ಗಾಡಿ ಓಡಿಸುವುದನ್ನು ಬಿಟ್ಟಿದ್ದಾನೆ, ಮೊಣಕಾಲು ಕೇಳುವುದಿಲ್ಲ. ನಮ್ಮಲ್ಲಿಗೆ ಬಂದು ನಾಲ್ಕು ದಿನ ಇದ್ದವನನ್ನು ಇವತ್ತು ನಾನೇ, ರಿಪೇರಿಯಾದ ನಮ್ಮ ಪಿಕಪ್ಪಿನಲ್ಲಿ, ಕೌಜಲಗಿಗೆ ಬಿಟ್ಟುಬಂದೆ. ಕೈಚೀಲ ಹಿಡಿದು ಬಾಗಿಲ ತನಕ ಹೋದವನು ತಿರುಗಿ ನೋಡಿದ. ಮೆಲ್ಲಗೆ ಕಿಟಕಿಯ ಹತ್ತಿರ ಬಂದು ನನ್ನ ಮುಖ ದಿಟ್ಟಿಸಿದ.

“ಯಾಕ ತಂಗಿ, ಹೊಸಾ ಗ್ಯಾಸ್ಕೆಟ್ ಹಾಕ್ಸಲಿಲ್ಲೇನ?”

“ಹಾಕ್ಸೇನಿ ಕಾಕಾ,” ಎಂದೆ, ಕಣ್ಣೊರೆಸಿಕೊಳ್ಳದೆ.