ಅಜ್ಜಿ ಕೇಳದೇ ಹೋದ ಸೋಬಾನೆ

ಆಗೆಲ್ಲ ಕಂಪ್ಯೂಟರಿಗೆ ಒಂದು ಹಾಡು ಇಳಿಯಬೇಕಾದರೆ ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಮುದ್ದೆವರೆಗೂ ಕಾಯಬೇಕಿತ್ತು. ಹಿರಿಯೂರಿನ ನಮ್ಮ ಮನೆಯ ಕಂಪ್ಯೂಟರಿಗೆ ಅಮ್ಮ ಹಳೇ ಸೀರೆಯ ಮುಸುಕು ಹೊಲಿದಿದ್ದಳು. ಅದರ ಒಡೆಯ ನಮ್ಮಣ್ಣ ಮಂಜ, ಡಿಪ್ಲೊಮಾ ಓದುತ್ತಿದ್ದವನು. ನಾನು ಎಂಟನೇ ಕ್ಲಾಸು. ಮೌಸ್ ಮುಟ್ಟಬೇಕಾದರೂ ಆ ಮಹಾರಾಯನ ಅಪ್ಪಣೆ ಬೇಕು.

ಕರೆಂಟು ಒಂದು ವಾರ ಬೆಳಗ್ಗೆ ಹೋದರೆ ಇನ್ನೊಂದು ವಾರ ಮಧ್ಯಾಹ್ನ ಹೋಗುತ್ತಿತ್ತು. ಅಷ್ಟರೊಳಗೆ ಕಂಪ್ಯೂಟರ್ ತಾನಾಗಿಯೇ ಆಫ್ ಆಗಲೆಂದು ಅಣ್ಣ ಟೈಮ್ ಇಟ್ಟು, ಗೇಮೊಂದನ್ನು ಡೌನ್‌ಲೋಡಿಗೆ ಬಿಟ್ಟು ಟ್ಯೂಷನ್ನಿಗೆ ಹೋಗುತ್ತಿದ್ದ. ಟೈಮ್ ಇಡುವುದು ಹೇಗೆಂದು ನನಗೆ ತೋರಿಸಿ ಜಂಬ ಬೇರೆ ಕೊಚ್ಚುತ್ತಿದ್ದ.

ಆ ಬೇಸಿಗೆ ಧರ್ಮಪುರದಿಂದ ಅಮ್ಮನ ತಾಯಿ, ನಮ್ಮಜ್ಜಿ, ಹುರಿದ ಶೇಂಗಾದ ಗಂಟು ಹೊತ್ತು ಬಂದಳು. ಪಡಸಾಲೆಯೆಲ್ಲ ಶೇಂಗಾದ ಘಮ. ಸುತ್ತಲ ಹಳ್ಳಿಗಳ ಮದುವೆಯಲ್ಲಿ ಸೋಬಾನೆ ಅಂದರೆ ಅವಳೇ. ಯಾರೋ ಮೇಷ್ಟ್ರು ಅದನ್ನು ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದರು. ನಾನು ಹೇಳಿದಾಗ ಅಜ್ಜಿ ಅಂದಳು: "ಕನ್ನಡಿಯಾಗೆ ಮಕ ನೋಡ್ಕಂಡೀನಿ ಕಣವ್ವ. ನನ್ನ ದನಿ ಹೆಂಗೈತೆ ಅಂತ ನನಗೇ ಗೊತ್ತಿಲ್ಲ."

ಅವಳು ಹೊರಡುವ ದಿನ ಅಣ್ಣನ ಕಾಲು ಹಿಡಿದು ಒಪ್ಪಿಸಿ ಬೆಳಗ್ಗೆಯೇ ಡೌನ್‌ಲೋಡಿಗೆ ಹಾಕಿದೆ. ಬಸ್ಸು ಮಧ್ಯಾಹ್ನಕ್ಕೆ. ಹಸಿರು ಗೆರೆ ಇನ್ನೇನು ಕೊನೆ ಮುಟ್ಟಬೇಕು, ಅಣ್ಣ ಬಂದವನೇ ಕ್ಯಾನ್ಸಲ್ ಒತ್ತಿ ತನ್ನ ಗೇಮ್ ಶುರು ಮಾಡಿದ. ನಾನು ಅತ್ತೆ, ಅವನ ಕೈ ಕಚ್ಚಿದೆ.

"ಲೇ, ಮುದುಕಿ ಇಲ್ಲೇ ಐತಲ್ಲ. ಎದುರಿಗೆ ಕುಂಡ್ರಿಸ್ಕಂಡು ಹಾಡಿಸ್ಕ" ಎಂದ.

ಅಜ್ಜಿಗೆ ಅದು ಕೇಳಿಸಿತು. ಹೋಗ್ಲಿ ಬಿಡವ್ವ, ಮುಂದಿನ ಸಲ ಕೇಳಿದರಾಯ್ತು ಅಂತ ನನ್ನ ಕಣ್ಣೊರೆಸಿ ಬಸ್ ಹತ್ತಿದಳು.

ಮಾರನೇ ದಿನದಿಂದ ಶುರು ನನ್ನ ಕೆಲಸ. ಅಣ್ಣ ಗೇಟು ದಾಟುತ್ತಿದ್ದ ಹಾಗೇ ಅವನ ಗೇಮ್ ನಿಲ್ಲಿಸಿ ಅಜ್ಜಿಯ ಸೋಬಾನೆ ಇಳಿಸಿಕೊಂಡೆ, ಸಿ.ಡಿ.ಗೆ ಹಾಕಿ ಬಟ್ಟೆಯ ಟ್ರಂಕಿನಲ್ಲಿಟ್ಟೆ. ಆಮೇಲೆ ದಿನಾ ಕಂಪ್ಯೂಟರ್ ಆಫ್ ಆಗುವ ಟೈಮನ್ನು ಹಿಂದಕ್ಕೆಳೆದಿಡುತ್ತಿದ್ದೆ. ಅವನ ಗೇಮ್ ಅರ್ಧಕ್ಕೆ ಬರುವಷ್ಟರಲ್ಲಿ ಕಂಪ್ಯೂಟರ್ ತಣ್ಣಗೆ ಮಲಗಿರುತ್ತಿತ್ತು. ಆಗಿನ ಡೌನ್‌ಲೋಡೋ, ನಿಂತಲ್ಲಿಂದ ಮುಂದುವರಿಯುವ ಜಾತಿಯದಲ್ಲ; ಮತ್ತೆ ಮೊದಲಿಂದ. ನಮ್ಮೂರಲ್ಲಿ ಏನು ಕೆಟ್ಟರೂ ಬೈಗುಳ ಕರೆಂಟಿಗೆ ತಾನೇ? ಅವನೂ ಕರೆಂಟಿನವರು ಹೇಳದೆ ಕೇಳದೆ ಟೈಮ್ ಬದಲಾಯಿಸಿದ್ದಾರೆ ಅಂತ ಬೀದಿಯಲ್ಲಿ ಲೈನ್‌ಮನ್ನನ್ನು ಅಡ್ಡಹಾಕಿ ಜಗಳ ತೆಗೆದು ಚೆನ್ನಾಗಿ ಬೈಸಿಕೊಂಡು ಬಂದ. ನಾನು ಬಾಗಿಲ ಹಿಂದೆ ನಿಂತು ಶೇಂಗಾ ತಿನ್ನುತ್ತಾ ನೋಡಿದೆ. ಅಷ್ಟು ರುಚಿಯಾದ ಶೇಂಗಾ ನಾನು ಮತ್ತೆ ತಿಂದಿಲ್ಲ.

ಆ ಗೇಮ್ ಅವನಿಗೆ ದಕ್ಕಲೇ ಇಲ್ಲ. ಅಜ್ಜಿಯ ಮುಂದಿನ ಸಲವೂ ಬರಲಿಲ್ಲ. ಶ್ರಾವಣದಲ್ಲಿ ಧರ್ಮಪುರದಿಂದ ಸುದ್ದಿ ಬಂತು. ಮಣ್ಣು ಮಾಡುವಾಗ ಎಲ್ಲರಿಗಿಂತ ಜೋರಾಗಿ ಅತ್ತವನು ಅಣ್ಣನೇ. ಅದನ್ನು ನೋಡಿ ನನಗೆ ಇನ್ನೂ ಉರಿಯಿತು.

ಈಗ ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯುತ್ತದೆ. ಕಾದು ಕೂರುವವರೂ ಇಲ್ಲ, ಅಂಥ ಸೋಬಾನೆ ಹೇಳುವವರೂ ಇಲ್ಲ. ಮೇಷ್ಟ್ರು ಹಾಕಿದ್ದ ಆ ಜಾಗವೂ ಇಂಟರ್‌ನೆಟ್ಟಿನಿಂದ ಮಾಯವಾಗಿದೆ. ಅಜ್ಜಿಯ ದನಿ ಉಳಿದಿರುವುದು ನನ್ನ ಹತ್ತಿರ ಮಾತ್ರ.

ಹೋದ ವರ್ಷ ಅಣ್ಣನ ಮಗಳು ದೊಡ್ಡವಳಾದಾಗ ಆರತಿ ಮಾಡಿದರು. ಹಿಂದಿನ ದಿನ ಫೋನ್ ಮಾಡಿ, "ಅಜ್ಜಿ ಸೋಬಾನೆ ನಿನ್ನತ್ರ ಐತಂತಲ್ಲ, ಕಳ್ಸವ್ವ. ಮಗಳು ಒಂದ್ಸಲ ಕೇಳ್ಲಿ" ಎಂದ. ಅವನ ದನಿ ಮೆತ್ತಗಿತ್ತು.

ಕಳಿಸ್ತೀನಿ ಅಂದೆ. ಸಿ.ಡಿ.ಯಿಂದ ಫೋನಿಗೆ ಹಾಕಿಕೊಂಡಿದ್ದ ಹಾಡು ತೆಗೆದು, ಅವನ ಹೆಸರು ಹುಡುಕಿ, ಬೆರಳಿಟ್ಟೆ. ಸೆರಗಿನಲ್ಲಿ ನನ್ನ ಕಣ್ಣೊರೆಸಿ, ತನ್ನ ದನಿ ಕೇಳದೆಯೇ ಬಸ್ ಹತ್ತಿದವಳು ಕಣ್ಣೆದುರಿಗೆ ಬಂದಳು.

ಕ್ಯಾನ್ಸಲ್ ಒತ್ತಿದೆ.