ಊಟಿಯಲ್ಲಿ ಹೆಣ್ಣು ತೋರಿಸಿದ್ದು

ಊಟಿಗೆ ಹೋಗಿಬಂದೆ ಅಂದರೆ ಮೈಸೂರಿನ ಜನ ಮೊದಲು ಕೇಳುವುದು ಚಳಿ ಹೇಗಿತ್ತು ಅಂತ, ಆಮೇಲೆ ಅಲ್ಲಿನ ವರ್ಕಿ ಬಿಸ್ಕತ್ತು ತಂದ್ಯಾ ಅಂತ. ನನ್ನನ್ನೂ ಕೇಳಿದರು. ಚೆನ್ನಾಗಿತ್ತು ಅಂದುಬಿಟ್ಟೆ. ಇನ್ನೇನು ಹೇಳಲಿ? ನಾನು ಊಟಿಯಲ್ಲಿ ನೋಡಿದ್ದು ಟಿಕೆಟ್ ಕೊಡುವ ಕಿಟಕಿ, ಒಂದಿಷ್ಟು ಹುಲ್ಲು, ಆಮೇಲೆ ಬಾಡಿಗೆ ಕಾರಿನ ಒಳಚಾವಣಿ. ಅಷ್ಟಕ್ಕೆ ಕತ್ತಲಿರುವಾಗಲೇ ಎದ್ದು, ತಲೆಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು ಘಟ್ಟ ಹತ್ತಿದ್ದೆ. ಊಟಿಗೆ ರೇಷ್ಮೆ ಸೀರೆ ಉಟ್ಟು ಹೋಗುವ ಪೆದ್ದಿ ಯಾರಪ್ಪಾ ಅನ್ನಿಸಬಹುದು. ಹೆಣ್ಣು ತೋರಿಸಲು ಕರೆದುಕೊಂಡು ಹೋದರೆ ಉಡಲೇಬೇಕಲ್ಲ.

ನನಗೆ ಫಿಟ್ಸ್ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಯಾರೂ ಇದನ್ನು ಮೊದಲೇ ಹೇಳಿದವರಲ್ಲ. ಹೈಸ್ಕೂಲಿನಲ್ಲಿ ಶುರುವಾಯಿತು. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಮಾತ್ರೆ ತಪ್ಪಿಸದಿದ್ದರೆ ನಾನು ಎಲ್ಲರ ಹಾಗೇ. ಗೋಕುಲಂನಲ್ಲಿ, ಯೋಗ ಕಲಿಯಲು ಬರುವ ಫಾರಿನ್ನಿನವರಿಗೆ ರೂಮು ಬಾಡಿಗೆ ಕೊಡುವ ಮನೆಯೊಂದನ್ನು ನೋಡಿಕೊಳ್ಳುತ್ತೇನೆ. ಬೀಗದ ಕೈ ಕೊಡುವುದು, ಗೀಸರ್ ಕೆಟ್ಟರೆ ರಿಪೇರಿಯವನನ್ನು ಕರೆಸುವುದು, ಇಡ್ಲಿಗೆ ಸಕ್ಕರೆ ಹಾಕಿಕೊಂಡು ತಿನ್ನುವವರನ್ನು ನೋಡಿ ನಗು ತಡೆದುಕೊಳ್ಳುವುದು ನನ್ನ ಕೆಲಸ. ಅಲ್ಲಿದ್ದ ಒಬ್ಬಾಕೆಗೆ ಒಮ್ಮೆ ಹೇಳಿದ್ದೆ. "ನನ್ನ ತಮ್ಮನಿಗೂ ಇದೆ" ಅಂದು, ಮತ್ತೆ ಗೀಸರಿನ ವಿಷಯಕ್ಕೆ ಬಂದಳು. ಆ ದಿನವೆಲ್ಲ ನನಗೆ ಎಷ್ಟು ಖುಷಿಯಾಗಿತ್ತು ಅಂದರೆ ಹೇಳಲಾರೆ.

ನಮ್ಮದು ಕ್ರೈಸ್ತರ ಮನೆ. ಜಾತಕ ಕೇಳುವ ಪದ್ಧತಿ ಇಲ್ಲ. ಅದರ ಬದಲು ಚರ್ಚಿನ ಜನರನ್ನು ಕೇಳುತ್ತಾರೆ. ಭಾನುವಾರದ ಪೂಜೆ ಮುಗಿದು ಎಲ್ಲರೂ ಮೆಟ್ಟಿಲ ಮೇಲೆ ನಿಂತು ಮಾತಾಡುವಾಗ ಗಂಡಿನ ಕಡೆಯವರು ಯಾರಾದರೂ ಬಂದು, ಇಂಥವರ ಮಗಳು ಹೇಗೆ ಅಂತ ವಿಚಾರಿಸುತ್ತಾರೆ. "ಹುಡುಗಿ ಚಿನ್ನದಂಥವಳು ಕಣ್ರೀ. ಆದ್ರೆ..." ಆ "ಆದ್ರೆ"ಗೆ ಮೂರು ಸಂಬಂಧ ಹೋದವು. ಯಾರು ಹೇಳಿದರು ಅಂತ ಅಮ್ಮ ಒಬ್ಬೊಬ್ಬರನ್ನಾಗಿ ಅನುಮಾನಿಸಿದಳು, ಒಬ್ಬೊಬ್ಬರ ಜೊತೆ ಮಾತು ಬಿಟ್ಟಳು. ಕೊನೆಗೆ ಚರ್ಚಿನಲ್ಲಿ ಅವಳಿಗೆ ಪಕ್ಕದಲ್ಲಿ ಕೂರುವವರೇ ಇಲ್ಲದಂತಾಯಿತು.

ನಾಲ್ಕನೆಯದು ಬಂದಾಗ ಅಮ್ಮ ಬೇರೆ ಉಪಾಯ ಹೂಡಿದಳು. ಗಂಡಿನ ಮನೆಯವರು ಕೊಳ್ಳೇಗಾಲದ ಕಡೆಯವರು, ಅವನಿಗೆ ಕೆಲಸ ಕೊಯಮತ್ತೂರಿನಲ್ಲಿ. ಎರಡಕ್ಕೂ ಊಟಿ ಅಂಥ ದೂರವೇನಲ್ಲ. ಮೈಸೂರಿನಲ್ಲಿ ಬೇಡವೇ ಬೇಡ, ಅವರೂ ಟೂರಿಗೆ ಬಂದಂತೆ ಬರಲಿ, ನಾವೂ ಬಂದಂತೆ ಹೋಗೋಣ, ಬೊಟಾನಿಕಲ್ ಗಾರ್ಡನ್ನಿನ ಗಾಜಿನ ಮನೆ ಮುಂದೆ ಆಕಸ್ಮಿಕವಾಗಿ ಸಿಕ್ಕಂತೆ ಸಿಗೋಣ ಅಂತ ಫೋನಿನಲ್ಲಿ ನಿಶ್ಚಯ ಮಾಡಿದಳು. "ನೋಡೋರು ನೋಡ್ಕೊಳ್ಳಿ, ಒಪ್ಪೋರು ಒಪ್ಕೊಳ್ಳಿ. ಈ ಮೆಟ್ಟಿಲ ಮೇಲಿನ ಬಾಯಿಗಳಿಗೆ ಸುದ್ದಿ ಗೊತ್ತಾಗೋ ಹೊತ್ಗೆ ನಿಶ್ಚಿತಾರ್ಥ ಮುಗಿದಿರ್ಬೇಕು" ಅಂದಳು. ಅವರಿಗೆ ಕಳಿಸಿದ್ದು ಯಾರದೋ ಮದುವೆಯಲ್ಲಿ ನಾನೂ ನನ್ನ ತಂಗಿಯೂ ನಿಂತಿದ್ದ ಫೋಟೋ. ಒಬ್ಬಳೇ ನಿಂತು ಫೋಟೋ ತೆಗೆಸಿಕೊಳ್ಳುವುದು ನನಗೆ ಆಗದ ಮಾತು.

ಫಿಟ್ಸ್ ವಿಷಯ ಯಾವಾಗ ಹೇಳುತ್ತೀಯ ಅಂತ ಅಮ್ಮನನ್ನು ಕೇಳಿದೆ. "ಮದುವೆ ಆಗ್ಲಿ, ನಿಧಾನಕ್ಕೆ ಹೇಳಿದ್ರಾಯ್ತು ಬುಡು." ಆದರೆ ಮನಸ್ಸಿನಲ್ಲಿ ನಾನು ನನ್ನದೇ ಲೆಕ್ಕ ಹಾಕಿದ್ದೆ. ಗಾಜಿನ ಮನೆ ಒಂದು ಸುತ್ತು ಹಾಕಿಬರುತ್ತೇವೆ ಅಂತ ಅವನನ್ನು ಕರೆದುಕೊಂಡು ಹೋಗಿ ನಾನೇ ಹೇಳುವುದು. ಬೇಡ ಅನ್ನುವುದಾದರೆ ನನ್ನ ಮುಖ ನೋಡಿ ಬೇಡ ಅನ್ನಲಿ. ಹೂಂ ಅಂದರೆ, ನನಗೂ ಒಂದು ಮನೆ ಆಗುತ್ತದೆ. ನನಗೆ ಬೇಕಿತ್ತು ಕಣ್ರೀ, ಸುಳ್ಳು ಯಾಕೆ ಹೇಳಲಿ? ಬೇರೆಯವರ ರೂಮಿನ ಬೀಗ ತೆಗೆದು ಹಾಕಿ ಸಾಕಾಗಿತ್ತು. ನನ್ನದೇ ಒಂದು ಅಡುಗೆಮನೆ, ಸಂಜೆ ಬಾಗಿಲು ತಟ್ಟುವ ಒಬ್ಬ ಮನುಷ್ಯ, ಅಷ್ಟು ಬೇಕಿತ್ತು.

ಹೊರಡುವುದಕ್ಕೆ ಎರಡು ದಿನ ಇರುವಾಗ ಅಮ್ಮ ನನ್ನ ಮಾತ್ರೆ ಎತ್ತಿಟ್ಟಳು. ಮಾತ್ರೆ ತಿಂದರೆ ಕಣ್ಣು ಊದಿಕೊಳ್ಳುತ್ತದೆ, ಮಂಕು ಬಡಿದವಳ ಹಾಗೆ ಕೂತಿರುತ್ತೀಯ, ಕೇಳಿದ ಮಾತಿಗೆ ತಡವಾಗಿ ಉತ್ತರ ಕೊಡುತ್ತೀಯ ಅಂದಳು. ಅದು ಸುಳ್ಳಲ್ಲ. "ಎರಡು ದಿನಕ್ಕೆ ಏನೂ ಆಗಲ್ಲ ಕಣೇ. ಎಷ್ಟು ವರ್ಷದಿಂದ ಬಂದಿಲ್ಲ! ಮಾತೆ ಮರಿಯಮ್ಮನಿಗೆ ಹರಕೆ ಹೊತ್ತಿದ್ದೀನಿ." ಎರಡನೆಯ ದಿನ ನಿಜಕ್ಕೂ ನನ್ನ ಮುಖ ಲಕಲಕ ಅನ್ನುತ್ತಿತ್ತು. ಕನ್ನಡಿಯಲ್ಲಿ ನೋಡಿಕೊಂಡು ನಾನೇ ಮೆಚ್ಚಿದೆ.

ಬಂಡೀಪುರದ ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಬೇಕು ಅಂತ ರಾಮಕೃಷ್ಣನಗರದ ನಮ್ಮ ಮನೆ ಬಿಟ್ಟಾಗ ಇನ್ನೂ ಕತ್ತಲು. ಯೋಚನೆಯಲ್ಲಿ ನಿದ್ದೆ ಬಂದಿರಲಿಲ್ಲ. ಮುಂದೆ ಡ್ರೈವರ್ ಪಕ್ಕದಲ್ಲಿ ಅಪ್ಪ. ಹೂಟಗಳ್ಳಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮಾತು ಕಡಿಮೆ. ಹಿಂದೆ ಅಮ್ಮ, ನಾನು, ತಂಗಿ. ತಂಗಿ ಆಗ ಬಿ.ಎಡ್ ಓದುತ್ತಿದ್ದಳು, ಊಟಿ ನೋಡುವ ಆಸೆಗೆ ಬಂದವಳು. ಅಮ್ಮ ದಾರಿಯುದ್ದಕ್ಕೂ ಒಂದೇ ಮಾತನ್ನು ಅಭ್ಯಾಸ ಮಾಡುತ್ತಿದ್ದಳು. "ಅಯ್ಯೋ, ನೀವೂ ಬಂದಿದ್ದೀರಾ? ಇದೊಳ್ಳೆ ಚೆನ್ನಾಗಾಯ್ತು!" ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ, ಒಮ್ಮೆ ನಗುತ್ತಾ. ತಂಗಿ, "ಅಮ್ಮಾ, ನಾಟಕದ ಕಂಪನಿಗೆ ಸೇರ್ಕೊಂಡ್ಬುಡು" ಅಂದಳು. ನಾವೆಲ್ಲ ನಕ್ಕೆವು. ಡ್ರೈವರೂ ನಕ್ಕ. ನಾವು ನಾಲ್ವರೂ ಒಟ್ಟಿಗೆ ಮನಸಾರೆ ನಕ್ಕಿದ್ದು ಅದೇ ಕೊನೆ.

ಗೂಡಲೂರು ದಾಟಿ ಘಟ್ಟ ಏರುವಾಗ ಬಿಸಿಲು ಬಂತು. ನೀಲಗಿರಿ ಮರಗಳ ಸಂದಿಯಿಂದ ಬಿಸಿಲು ಕಣ್ಣಿಗೆ ಹೊಡೆಯುವುದು, ನಿಲ್ಲುವುದು, ಮತ್ತೆ ಹೊಡೆಯುವುದು. ತಲೆ ಒಂಥರಾ ಆಗುತ್ತಿದೆ ಅಂದೆ. "ತಿರುವು ಜಾಸ್ತಿ, ಅದಕ್ಕೇ" ಅಂತ ಅಮ್ಮ ನಿಂಬೆಹಣ್ಣು ಕೊಟ್ಟಳು. ಅದು ತಿರುವಿನ ತಲೆಸುತ್ತಲ್ಲ ಅಂತ ನನಗೆ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ನಿಂಬೆಹಣ್ಣು ಮೂಸುತ್ತಾ ಕೂತೆ.

ಗಾರ್ಡನ್ನಿನಲ್ಲಿ ಜನವೋ ಜನ. ಮಂಕಿ ಟೋಪಿ ಹಾಕಿಕೊಂಡ ಸಂಸಾರಗಳು, ಕೂಲಿಂಗ್ ಗ್ಲಾಸಿನ ಹೊಸ ಜೋಡಿಗಳು. ಅಮ್ಮ ನನ್ನ ಸ್ವೆಟರ್ ಬಿಚ್ಚಿಸಿ ಸೀರೆ ಕಾಣುವ ಹಾಗೆ ಮಾಡಿದಳು, ಅಜ್ಜಿಯ ಜುಮುಕಿಯನ್ನು ನನ್ನ ಕಿವಿಗೆ ಹಾಕಿದಳು. ಅವರು ಇನ್ನೂ ಬಂದಿರಲಿಲ್ಲ. ಹುಲ್ಲಿನ ಮೇಲೆ ಒಂದಿಷ್ಟು ನಡೆದಿದ್ದು ನೆನಪಿದೆ. ಅಷ್ಟೇ.

ಆಮೇಲಿನದು ಅಪ್ಪ ಹೇಳಿದ್ದು, ಅದೂ ಬಹಳ ದಿನ ಬಿಟ್ಟು, ನಾನು ಪೀಡಿಸಿದ ಮೇಲೆ. ನಾನು ಬಿದ್ದೆ. ಕೈಕಾಲು ಸೆಟೆದುಕೊಂಡವು. ಯಾರೋ ಓಡಿಬಂದು ಕೈಗೆ ಕಬ್ಬಿಣದ ಬೀಗದ ಕೈ ತುರುಕಿದರು, ಇನ್ಯಾರೋ ಮೊಬೈಲು ಹಿಡಿದು ನಿಂತರು. ಅಪ್ಪ ನನ್ನ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಹಿಡಿದುಕೊಂಡರು. ಅಮ್ಮ ತನ್ನ ಶಾಲು ತೆಗೆದು ನನ್ನ ಮುಖದ ಮೇಲೆ ಮುಚ್ಚಿದಳು.

"ತೆಗಿಯೇ, ಉಸಿರು ಕಟ್ಟುತ್ತೆ ಮಗೂಗೆ" ಅಂತ ಅಪ್ಪ ಕೂಗಿದರಂತೆ.

"ಅವ್ರು ಬಂದ್ಬುಟ್ರೆ? ಮುಖ ನೋಡ್ಬುಟ್ರೆ?" ಅಂದಳಂತೆ ಅಮ್ಮ. ಅಪ್ಪ ಶಾಲು ಕಿತ್ತು ಎಸೆದರು. ಅವಳು ಎತ್ತಿಕೊಂಡು ಬಂದು ಮತ್ತೆ ಮುಚ್ಚಿದಳು.

ನನಗೆ ಎಚ್ಚರವಾದಾಗ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದ್ದೆ. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತದ ರುಚಿ. ಸೀರೆ ಒದ್ದೆಯಾಗಿತ್ತು, ಉಚ್ಚೆ ಹೋಗಿತ್ತು. ತಲೆಯ ಹತ್ತಿರ ಅಪ್ಪ ಕೂತಿದ್ದರು. ಎಲ್ಲಿದ್ದೇವೆ ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕಿವಿ ಮುಟ್ಟಿಕೊಂಡೆ. ಜುಮುಕಿ ಇರಲಿಲ್ಲ, ಎರಡೂ ಕಿವಿ ಬರಿದು.

"ಅಪ್ಪಾ, ಜುಮುಕಿ ಹುಲ್ಲಲ್ಲಿ ಬಿದ್ದೋಗಿದೆ. ಹುಡುಕಿ, ಅಮ್ಮ ಸಾಯಿಸ್ಬುಡ್ತಾಳೆ."

ಅಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಬಿದ್ದಿಲ್ಲ, ಮಲ್ಕೋ" ಅಂದರು.

ಅಮ್ಮನೂ ತಂಗಿಯೂ ಎಲ್ಲಿ ಅಂತ ಎರಡು ಮೂರು ಸಲ ಕೇಳಿದೆ. ಅಪ್ಪ ನನ್ನ ಸ್ವೆಟರ್ ಎಳೆದು ಮೈಮೇಲೆ ಹೊದಿಸಿದರು. ಬಹಳ ಹೊತ್ತಾದ ಮೇಲೆ ಅವರಿಬ್ಬರೂ ಬಂದರು. ಅಮ್ಮನ ಕೈಯಲ್ಲಿ ಗಂಡಿನ ಮನೆಯವರು ಕೊಟ್ಟ ಚಾಕಲೇಟಿನ ಪೊಟ್ಟಣ. ತಂಗಿಯ ಕಿವಿಯಲ್ಲಿ ಜುಮುಕಿ.

ಅವಳು ಕಾರಿನೊಳಗೆ ಬಗ್ಗಿ ನನ್ನ ಕೈ ಹಿಡಿದಳು. "ಅಕ್ಕಾ, ನಾನು ಮಾತೇ ಆಡ್ಲಿಲ್ಲ ಕಣೇ. ಅಮ್ಮ ಕೂರು ಅಂದ್ಳು, ಕೂತ್ಕೊಂಡೆ. ಅಷ್ಟೇ." ಅಳುತ್ತಿದ್ದಳು. ನಾನು ಕೈ ಕಿತ್ತುಕೊಂಡೆ. ಕಚ್ಚಿದ ನಾಲಿಗೆ ಅಷ್ಟರಲ್ಲಿ ಊದಿಕೊಂಡು ಮಾತಿಗೆ ಹೊರಳುತ್ತಿರಲಿಲ್ಲ, ಅದೇ ಒಳ್ಳೆಯದಾಯಿತು.

ಘಟ್ಟ ಇಳಿಯುವಾಗ ಅಮ್ಮನೇ ಶುರು ಮಾಡಿದಳು, ಯಾರೂ ಕೇಳದಿದ್ದರೂ. "ಬಂದೋರ ಮುಂದೆ ಬರಿಗೈಲಿ ನಿಂತ್ಕೊಳ್ಳಕ್ಕಾಗುತ್ತಾ? ಫೋಟೋದಲ್ಲಿ ಇಬ್ರೂ ಇದ್ರಲ್ಲ. ದೊಡ್ಡೋಳು ಎಲ್ಲಿ ಅಂದ್ರು. ಏನಂತ ಹೇಳ್ಲಿ? ಅವಳಿಗೆ ದೇವಕರೆ ಆಗಿದೆ, ಮಠಕ್ಕೆ ಸೇರ್ತಾಳಂತೆ, ನೆನ್ನೆ ತಾನೇ ಹೇಳಿದ್ಳು, ಅದಕ್ಕೇ ಚಿಕ್ಕೋಳನ್ನ ತೋರಿಸ್ತಿದ್ದೀವಿ ಅಂದ್ಬುಟ್ಟೆ."

ನಮ್ಮಲ್ಲಿ ಒಬ್ಬ ಹುಡುಗಿಗೆ ಮದುವೆ ಬಿಟ್ಟು, ಮಠಕ್ಕೆ ಸೇರಿ ಕನ್ಯಾಸ್ತ್ರೀ ಆಗಬೇಕು ಅನ್ನಿಸಿದರೆ ಅದನ್ನು ದೇವಕರೆ ಅನ್ನುತ್ತಾರೆ, ದೇವರು ಕರೆದ ಅಂತ. ಹಾಗೆ ಹೇಳಿದ ಮೇಲೆ ಯಾರೂ ಎದುರು ಮಾತಾಡುವಂತಿಲ್ಲ, ಯಾಕೆ ಏನು ಅಂತ ಕೆದಕುವಂತಿಲ್ಲ. ಅಮ್ಮನ ತಲೆಯೇ ತಲೆ!

"ಏನೇ ಇದು, ದೇವರ ಹೆಸರಲ್ಲಿ..." ಅಂದರು ಅಪ್ಪ.

"ಇನ್ಯಾರ ಹೆಸರಲ್ಲಿ ಹೇಳ್ಲಿ? ನಿಮ್ಮ ಹೆಸರಲ್ಲಾ? ಒಂದಾದ್ರೂ ದಡ ಸೇರ್ಲಿ ಅಂತ ಮಾಡ್ದೆ. ಎರಡನ್ನೂ ಮನೇಲೇ ಕೂರಿಸ್ಕೊಂಡು ಏನ್ಮಾಡ್ಲಿ?" ಅಮ್ಮ ಜೋರಾಗಿ ಅತ್ತಳು. ಅವಳ ಸಂಕಟ ನಾಟಕವಾಗಿರಲಿಲ್ಲ, ಅದು ನನಗೆ ಆಗಲೂ ಗೊತ್ತಿತ್ತು. ಆದರೆ ನನ್ನ ಮೈಯಲ್ಲಿ ಒದ್ದೆ ಸೀರೆ ಇತ್ತು, ಅವಳ ಮೇಲೆ ಕರುಣೆ ತೋರಿಸಲು ನನ್ನಿಂದಾಗಲಿಲ್ಲ. ಆ ಗಂಡಿಗೆ ನನ್ನನ್ನು ಬೇಡ ಅನ್ನುವ ಅವಕಾಶವೂ ಸಿಗಲಿಲ್ಲ. ಬೇಡ ಅಂದಿದ್ದು ನನ್ನ ಹೆತ್ತವಳೇ.

ಗಂಡಿನ ಕಡೆಯವರು ಒಪ್ಪಿದರು. ತಂಗಿ ಮೊದಲು ಒಲ್ಲೆ ಅಂತ ಹಟ ಹಿಡಿದಳು. ಆಮೇಲೆ ಅವನು ಫೋನು ಮಾಡತೊಡಗಿದ. ಒಳ್ಳೆಯ ಹುಡುಗ. ಅದೇ ನನಗೆ ಹೆಚ್ಚು ಉರಿದದ್ದು. ಕೆಟ್ಟವನಾಗಿದ್ದರೆ ಬದುಕಿಕೊಂಡೆ ಅಂದುಕೊಳ್ಳಬಹುದಿತ್ತು. ತಾರಸಿಯ ಮೇಲೆ ನಿಂತು ಫೋನಿನಲ್ಲಿ ನಗುವ ತಂಗಿ ನನ್ನ ಹೆಜ್ಜೆಯ ಸದ್ದು ಕೇಳಿದರೆ ಸಾಕು, ನಗು ನಿಲ್ಲಿಸಿಬಿಡುತ್ತಿದ್ದಳು. ಚರ್ಚಿನ ಮೆಟ್ಟಿಲ ಮೇಲೆ ಜನ ನನ್ನನ್ನು ಬೇರೆ ಥರ ನೋಡತೊಡಗಿದರು. ಯಾವ ಮಠ, ಯಾವಾಗ ಸೇರುವುದು ಅಂತ ಕೇಳಿದರೆ ಅಮ್ಮನೇ ಉತ್ತರ ಕೊಡುತ್ತಿದ್ದಳು. ಫಿಟ್ಸ್ ಇರುವವಳನ್ನು ಯಾವ ಮಠದವರು ಸೇರಿಸಿಕೊಳ್ಳುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ.

ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ಆಯಿತು. ಆ ದಿನ ನಾನು ಹೇಳಿಯೇಬಿಡುವುದು ಅಂತ ತೀರ್ಮಾನಿಸಿದ್ದೆ. ಜಗಳ ಮಾಡಿ ಅಲ್ಲ, ಮೆಲ್ಲಗೆ, ಗಂಡಿನ ತಾಯಿಗೆ ಮಾತ್ರ. ನನಗೆ ಯಾವ ಕರೆಯೂ ಬಂದಿಲ್ಲ, ನನಗೆ ಇಂಥ ಕಾಯಿಲೆ ಇದೆ, ನಾಳೆ ನನ್ನನ್ನೂ ಯಾರಾದರೂ ಒಪ್ಪಿದರೆ ನಾನೂ ಮದುವೆಯಾಗುವವಳೇ. ಇಷ್ಟು ಹೇಳಿದರೆ ಸಾಕು ನಾನು ಮತ್ತೆ ಮನುಷ್ಯಳಾಗುತ್ತೇನೆ ಅನ್ನಿಸಿತ್ತು. ಊಟವಾದ ಮೇಲೆ ಅವರೇ ನನ್ನನ್ನು ಹುಡುಕಿಕೊಂಡು ಅಡುಗೆಮನೆಗೆ ಬಂದರು. ದಪ್ಪನೆಯ, ಮಂಡಿನೋವಿನ ಹೆಂಗಸು. ಗೋಡೆ ಹಿಡಿದು ನಡೆಯುತ್ತಿದ್ದರು. ಸ್ಟೂಲ್ ಎಳೆದು ಕೂರಿಸಿದೆ. ಬಾಗಿಲಲ್ಲಿ ತಂಗಿ ಬಂದು ನಿಂತಳು, ಉಂಗುರ ತೊಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಗಿತ್ತು. ತಡೆಯಲಿಲ್ಲ.

"ನಿಮಗೊಂದು ಮಾತು ಹೇಳ್ಬೇಕಿತ್ತು" ಅಂದೆ.

"ನಾ ಮೊದ್ಲು ಏಳ್ಬುಡ್ತೀನಿ ಇರವ್ವ" ಅಂತ ಅವರು ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡರು. "ಊಟೀಲಿ ನಿನ್ ತಂಗಿ ಒಂದ್ ಮಾತೂ ಆಡ್ನಿಲ್ಲ. ಮನೇಲಿ ಎಲ್ರೂ ಈ ಸಂಬಂಧ ಬ್ಯಾಡ ಅಂದ್ರು. ನಾನೇ ಅಟ ಮಾಡ್ದೆ. ದೇವ್ರು ಒಬ್ಬಳನ್ನ ಆರಿಸ್ಕಂಡ ಮನೆ ಕನ್ರಪ್ಪಾ, ಅಂಥ ಮನೆ ಎಣ್ಣು ನಮಗೆಲ್ಲಿ ಸಿಕ್ಕದು ಅಂದೆ. ನಿನ್ ಮಕ ನೋಡ್ಕಂಡೇ ಒಪ್ಕಂಡಿದ್ದು ಕನವ್ವ." ಆಮೇಲೆ ಕೇಳಿದರು, "ನೀ ಏನೋ ಏಳ್ಬೇಕು ಅಂದ್ಯಲ್ಲ?"

ತಂಗಿ ಇನ್ನೂ ಬಾಗಿಲಲ್ಲೇ ಇದ್ದಳು.

"ಏನಿಲ್ಲ, ಆಮೇಲೆ ಹೇಳ್ತೀನಿ" ಅಂದೆ.

ಆಶೀರ್ವಾದ ಮಾಡವ್ವ ಅಂತ ಅವರು ಹಣೆಯನ್ನು ಮುಂದಕ್ಕೆ ಚಾಚಿದರು. ನನ್ನ ತಾಯಿಗಿಂತ ದೊಡ್ಡವರು. ನಾನು ಹೆಬ್ಬೆರಳಿನಿಂದ ಅವರ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದೆ. ನನ್ನ ಮದುವೆಯ ಮಾತು ಅಲ್ಲಿಗೆ ಮುಗಿಯಿತು.