ಮುಖ್ಯ ಅತಿಥಿಗಳ ಮಡಿಲಿಗೆ ಬಿದ್ದ ಕೊಳವೆ

ಎಪ್ಪತ್ತರ ದಶಕದಲ್ಲಿ, ಕಾಲೇಜು ಓದುತ್ತಿದ್ದಾಗ, ನಾನು ರಾಜಾಜಿನಗರದ ಒಂದು ಸಂಗೀತ ಶಾಲೆಯಲ್ಲಿ ಟ್ರೊಂಬೋನ್ ಕಲಿಯುತ್ತಿದ್ದೆ. ಅಮ್ಮ ಸೇರಿಸಿದ್ದು ವೀಣೆಗೆ. ಆದರೆ ಮಹಡಿಯ ಮೇಲೆ, ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದ ಮೇಷ್ಟ್ರೊಬ್ಬರು ಹಿತ್ತಾಳೆ ವಾದ್ಯಗಳನ್ನು ಹೇಳಿಕೊಡುತ್ತಿದ್ದರು. ಆ ಸದ್ದು ಕೇಳಿ ನಾನು ಮೆಟ್ಟಿಲು ಹತ್ತಿಬಿಟ್ಟಿದ್ದೆ. ಊದಿ ಊದಿ ಕೆನ್ನೆ ದಪ್ಪಗಾದರೆ ಗಂಡು ಸಿಗುವುದಿಲ್ಲವೆಂದು ಅಮ್ಮನಿಗೆ ಚಿಂತೆ.

ಟ್ರೊಂಬೋನಿಗೆ ಮಡಿಸಿದಂತಿರುವ ಒಂದು ಉದ್ದನೆಯ ಕೊಳವೆ ಇರುತ್ತದೆ. ಅದನ್ನು ಹಿಂದೆ ಮುಂದೆ ಜಾರಿಸಿದರೇ ಸ್ವರ ಬದಲಾಗುವುದು. ವಾರ್ಷಿಕ ಕಾರ್ಯಕ್ರಮದ ದಿನ ಸಲೀಸಾಗಿ ಜಾರಲೆಂದು ನಾನು ಅದಕ್ಕೆ ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು ಧಾರಾಳವಾಗಿ ಸವರಿದ್ದೆ.

ಮುಖ್ಯ ಅತಿಥಿಗಳು ವಿಜಯನಗರದ ಒಂದು ನಾಗರಿಕ ಸಮಿತಿಯ ಅಧ್ಯಕ್ಷರು. ಅವರಿಗೆ ಮೊದಲೇ ಹಾರ, ಶಾಲು, ಹಣ್ಣಿನ ತಟ್ಟೆ ಕೊಟ್ಟು, ಹೆಂಡತಿಯ ಜೊತೆ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಕಹಳೆ, ಡೋಲುಗಳ ಅಷ್ಟು ಗಲಾಟೆಯಲ್ಲೂ ಅವರು ನಿದ್ದೆ ಹೋದರು. ನಾವು ಒಂದು ಮೆರವಣಿಗೆಯ ಟ್ಯೂನನ್ನು ತಾರಕಕ್ಕೆ ಒಯ್ದಾಗ ನಾನು ಜೋರಾಗಿ ಕೈ ಚಾಚಿದೆ. ಕೊಳವೆ ಕಳಚಿ, ಹಾರಿ, ಅಧ್ಯಕ್ಷರ ಮಡಿಲಲ್ಲಿದ್ದ ಶಾಲಿನ ಮೇಲೆ ಹೋಗಿ ಬಿತ್ತು. ಎಲ್ಲರೂ ಊದುವುದನ್ನು ನಿಲ್ಲಿಸಿದರು.

ಅವರಿಗೆ ಎಚ್ಚರವಾಯಿತು. ಮಡಿಲು ನೋಡಿಕೊಂಡರು. ಎದ್ದು ಕೈಮುಗಿದು ಮೈಕಿನ ಹತ್ತಿರ ಹೋದರು.

“ಹಾರ, ಶಾಲು ಎಲ್ಲರೂ ಕೊಡ್ತಾರೆ. ನುಡಿಸೋ ವಾದ್ಯನೇ ಕಿತ್ತು ಕೊಟ್ಟೋರು ನೀವೇ ಮೊದಲು.”

ಕೊಳವೆಯನ್ನು ಎದೆಗೊತ್ತಿಕೊಂಡರು. ಸಭಿಕರು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಹೊರಟ ಆಟೋದಿಂದ ನನ್ನ ಕೊಳವೆ ಹೊರಗೆ ಚಾಚಿಕೊಂಡಿತ್ತು. ಉಳಿದ ಕಾರ್ಯಕ್ರಮ ಮುಗಿಯುವವರೆಗೂ ನಾನು ಅರ್ಧ ವಾದ್ಯ ಹಿಡಿದು, ಸುಮ್ಮನೆ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದೆ.

ಮರುದಿನ ಬೆಳಿಗ್ಗೆ ಮೇಷ್ಟ್ರೂ ನಾನೂ ಅವರ ಮನೆಗೆ ಹೋದೆವು. ನಡುಮನೆಯ ಷೋಕೇಸಿನಲ್ಲಿ, ಚನ್ನಪಟ್ಟಣದ ಬೊಂಬೆಗಳ ಪಕ್ಕ, ಕೊಳವೆ ಕುಂಕುಮ ಇಟ್ಟುಕೊಂಡು ನಿಂತಿತ್ತು. ಬೀದಿಯವರೆಲ್ಲ ಬಂದು ನೋಡಿ ಹೋದರೆಂದು ಅಧ್ಯಕ್ಷರು ಹೇಳಿದರು. ಯುದ್ಧ ಕಂಡಿದ್ದ ಮೇಷ್ಟ್ರು ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಬಂದ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಕೊನೆಗೆ ನಾನೇ ಹೇಳಿದೆ: “ಸಾರ್, ಅದು ನಾವು ಕೊಟ್ಟಿದ್ದಲ್ಲ. ಕೈಜಾರಿ ಬಿದ್ದಿದ್ದು.”

ಅವರು ಮೇಷ್ಟ್ರ ಕಡೆ ತಿರುಗಿ ಮೆಚ್ಚುಗೆಯಿಂದ ತಲೆದೂಗಿದರು. “ನೋಡಿ, ಎಂಥ ವಿನಯ. ಕೊಟ್ಟೋರು ಹಾಗೇ ಹೇಳ್ಬೇಕು ಕಣಮ್ಮ.”

ಲೋಟ ತೆಗೆದುಕೊಂಡು ಹೋಗಲು ಬಂದ ಅವರ ಹೆಂಡತಿ ನನ್ನ ಮುಖ ನೋಡಿದರು. ಕೊಳವೆ ಹಾರಿ ಬಂದದ್ದನ್ನು ಅವರು ಪಕ್ಕದಲ್ಲೇ ಕೂತು ಕಂಡಿದ್ದವರು. ಗಂಡನಿಗೆ ಮೆಲ್ಲಗೆ ಹೇಳಿದರು: “ರೀ, ನೀವು ಇದನ್ನ ಶಾಲೆಗೆ ದಾನ ಮಾಡ್ಬಿಟ್ರೆ ಎಷ್ಟು ಚೆನ್ನಾಗಿರುತ್ತೆ.”

ಅಧ್ಯಕ್ಷರ ಮುಖ ಅರಳಿತು. ಒಪ್ಪಿದರು, ಆದರೆ ಕೈಗೆ ಕೊಟ್ಟು ಕಳಿಸಲಿಲ್ಲ. ದಾನವೆಂದಮೇಲೆ ಅದಕ್ಕೊಂದು ಸಮಾರಂಭ ಬೇಕಲ್ಲ. ಹೀಗಾಗಿ ಮುಂದಿನ ಭಾನುವಾರ ಶಾಲೆಯಲ್ಲಿ ಮತ್ತೆ ಶಾಮಿಯಾನ ಎದ್ದಿತು. ಅವರು ದಾನದ ಮಹತ್ವದ ಬಗ್ಗೆ ಸುದೀರ್ಘವಾಗಿ ಮಾತಾಡಿ ಕೊಳವೆಯನ್ನು ನನ್ನ ಕೈಗಿಟ್ಟರು. ಶಾಲೆಯವರು ಅವರಿಗೆ ಇನ್ನೊಂದು ಶಾಲು ಹೊದಿಸಿದರು. ಮೇಷ್ಟ್ರು ಸೆಟೆದು ನಿಂತು ಸೆಲ್ಯೂಟ್ ಹೊಡೆದರು.

ಎಲ್ಲ ಮುಗಿದಮೇಲೆ ಅವರ ಹೆಂಡತಿ ನನ್ನ ಹತ್ತಿರ ಬಂದರು. ಹುಣಸೆಹಣ್ಣು ಹಾಕಿ ತಾವೇ ಕೊಳವೆಯನ್ನು ತಿಕ್ಕಿದ್ದಾಗಿ ಹೇಳಿ, ಅದರ ಸದ್ದು ಹೇಗಿರುತ್ತದೆಂದು ಕೇಳಿದರು. ನಾನು ಕೊಳವೆ ಜೋಡಿಸಿ, ಆ ಖಾಲಿ ಕುರ್ಚಿಗಳ ನಡುವೆ ಅವರೊಬ್ಬರಿಗೇ ಅಂದು ಅರ್ಧಕ್ಕೆ ನಿಂತ ಟ್ಯೂನನ್ನು ಮೊದಲಿನಿಂದ ಪೂರ್ತಿ ಊದಿದೆ. ಅವರು ಸೆರಗು ಹೊದ್ದು ನಿಂತೇ ಕೇಳಿದರು.